ಬಾಡಿಗೆ ಮನೆಯಲ್ಲಿ ಓಡಾಡುವವರು

ಜನವರಿ ಹನ್ನೊಂದರ ಮಧ್ಯಾಹ್ನ ಜಿಪಾರ ಎಂಬ ಹೆಂಗಸು ತೊಕ್ಮೋಕ್ ಪಟ್ಟಣದ ಪೊಲೀಸ್ ಠಾಣೆಗೆ ಬಂದು ದೂರು ಕೊಟ್ಟಳು. ತಾನಿರುವ ಬಾಡಿಗೆ ಮನೆಯಲ್ಲಿ ಯಾರೋ ಓಡಾಡುತ್ತಾರೆ. ಒಳಗಿನಿಂದ ಅಗಳಿ ಹಾಕಿದ್ದರೂ ಓಡಾಡುತ್ತಾರೆ. ಐದು ವರ್ಷದ ಮಗಳು ಬೆರ್ಮೆತ್ ಅವರ ಜೊತೆ ಮಾತಾಡುತ್ತಾಳೆ.

ಕಾನ್‌ಸ್ಟೇಬಲ್ ಜೊಲ್ದೋಶ್ ಪೆನ್ನು ಕೆಳಗಿಟ್ಟ.

“ಏನಕ್ಕಾ, ದೆವ್ವದ ಮೇಲೆ ಎಫ್ಐಆರ್ ಹಾಕ್ಲಾ? ಅದರಪ್ಪನ ಹೆಸ್ರು ಏನಂತ ಬರ್ಕೊಳ್ಲಿ?”

“ನಗು ತಮ್ಮಾ, ನಗು. ಇವತ್ತು ಬೆಳಿಗ್ಗೆ ನನ್ ಮಗು ಎಬ್ಬಿಸಿದ್ರೂ ಏಳ್ಲಿಲ್ಲ. ಕೆನ್ನೆಗೆ ಹೊಡ್ದು ಎಬ್ಬಿಸ್ದೆ. ನಾಳೆ ಎದ್ದೇಳ್ತಾಳೋ ಇಲ್ವೋ ನೀನ್ ಹೇಳು.”

ಜೊಲ್ದೋಶನ ನಗು ನಿಂತಿತು. ಇನ್‌ಸ್ಪೆಕ್ಟರ್ ಎಸೆನ್ ಒಳಗಿನಿಂದ ಎದ್ದು ಬಂದ.

“ಮನೆ ಯಾರ್ದು?”

“ತುರ್ದುಬೆಕ್ ತಾತಂದು. ಅದೇ ಅಂಗಳದ ಹಿಂದಿನ ಮನೇಲಿ ಇದಾರೆ. ಹೇಳಿದ್ರೆ, ಕೆಟ್ಟ ಕಣ್ಣು ಬಿದ್ದಿದೆ, ಕಿಟಕಿ ಮುಚ್ಚಿ ಅದಿರಸ್ಪಾನ್ ಸೊಪ್ಪಿನ ಹೊಗೆ ಹಾಕು ಅಂದ್ರು. ದಿನಾ ಹಾಕ್ತಿದೀನಿ.”

“ಬೇರೆ ಮನೆ?”

“ಗಂಡ ರಷ್ಯಾದಲ್ಲಿ. ಈ ಚಳೀಲಿ ಮಗು ಕಟ್ಕೊಂಡಿರೋಳಿಗೆ ಯಾರ್ ಕೊಡ್ತಾರೆ ಸಾರ್?”

“ನಿಮಗಿಂತ ಮುಂಚೆ ಯಾರಿದ್ರು?”

“ಒಬ್ರು ಅಜ್ಜಿ. ನಿದ್ದೇಲೇ ಹೋದ್ರಂತೆ.”

ಆ ಅಜ್ಜಿಯ ಸಾವಿನ ಕಡತವನ್ನು ಠಾಣೆಯೇ ಶರತ್ಕಾಲದಲ್ಲಿ ಮುಚ್ಚಿತ್ತು. ಹೃದಯ ನಿಂತಿತು ಎಂದು ಬರೆದಿತ್ತು. ಬಾಡಿಗೆಯವರ ಹೃದಯ ಹೀಗೆ ತಾನಾಗಿಯೇ ನಿಲ್ಲುತ್ತದೆ. ಮನೆಯ ಯಜಮಾನನನ್ನು ಕರೆಸಿ ಕೇಳುವ ತೊಂದರೆ ಯಾರಿಗೂ ಬೇಡ.

ಮೂರು ಗಂಟೆಗೆ ಎಸೆನ್ ಮತ್ತು ಜೊಲ್ದೋಶ್ ಆ ಮನೆಯೊಳಗೆ ಕೂತರು. ಚಳಿಗೆಂದು ಕಿಟಕಿಯ ಸಂದುಗಳಿಗೆಲ್ಲ ಕಾಗದ ಅಂಟಿಸಿತ್ತು. ಗಾಜಿನ ಒಳಮೈಯಲ್ಲಿ ನೀರು ಧಾರೆಯಾಗಿ ಇಳಿಯುತ್ತಿತ್ತು. ಮನೆ ಬಿಸಿ ಮಾಡುವ ಗ್ಯಾಸ್ ಬಾಯ್ಲರು ಅಡುಗೆಮನೆಯ ಮೂಲೆಯಲ್ಲಿ ಮೆಲ್ಲಗೆ ಗೊಣಗುತ್ತಿತ್ತು. ಗ್ಯಾಸಿನ ವಾಸನೆ ಇರಲಿಲ್ಲ. ಜಿಪಾರ ಚಹಾ ಬಗ್ಗಿಸಿದಳು, ರೊಟ್ಟಿ ಮುರಿದಿಟ್ಟಳು. ಹೊತ್ತು ಹೋಯಿತು.

“ಸಾರ್,” ಜೊಲ್ದೋಶ್ ಪಿಸುಗುಟ್ಟಿದ, “ಒಳಗಿನ ಕೋಣೇಲಿ ಯಾರಿದಾರೆ?”

“ಯಾರೂ ಇಲ್ಲ. ನೋಡಿದೀವಲ್ಲ.”

“ಹೆಜ್ಜೆ ಸಾರ್.”

ಎಸೆನ್‌ಗೂ ಕೇಳುತ್ತಿತ್ತು. ಉಣ್ಣೆಯ ಕಾಲುಚೀಲ ಹಾಕಿಕೊಂಡವರು ನಡೆದಂತೆ ಮೆತ್ತಗೆ, ಬಿಡದೆ. ಅವನ ಹಣೆ ಸಿಡಿಯುತ್ತಿತ್ತು. ಬೆರ್ಮೆತ್ ಅವನ ಭುಜದ ಆಚೆಗೆ ನೋಡಿ ನಕ್ಕಳು.

“ಅಜ್ಜಿ ನಿಮ್ಮ ಹಿಂದೇನೇ ಕೂತಿದಾರೆ ಮಾಮಾ. ಅವ್ರಿಗೂ ತಲೆನೋವಂತೆ.”

ಅವನು ತಿರುಗಲಿಲ್ಲ. ತಿರುಗಲು ಧೈರ್ಯ ಸಾಲಲಿಲ್ಲ. ಎದ್ದು ಅಂಗಳಕ್ಕೆ ಓಡಿ ಹಿಮದ ಮೇಲೆ ಕಾರಿಕೊಂಡ. ತಣ್ಣನೆಯ ಗಾಳಿಗೆ ಹೆಜ್ಜೆ ಸದ್ದು ಸಣ್ಣಗಾಗುತ್ತಾ ನಿಂತೇಹೋಯಿತು. ಬಾಗಿಲಿಗೆ ಮರಳುವಷ್ಟರಲ್ಲಿ ಅವನು ತಿಳಿದುಕೊಂಡ: ಒಳಗಿನ ಗಾಳಿಯಲ್ಲೇ ಏನೋ ಇದೆ, ಆ ಅಜ್ಜಿಯೂ ಸಾಯುವ ಮುನ್ನ ಇದನ್ನೇ ಕೇಳಿಸಿಕೊಂಡಿದ್ದಳು.

“ಎಲ್ರೂ ಹೊರಗೆ! ಈಗ್ಲೇ!”

ಕುರ್ಚಿಯಿಂದ ಕಿಟಕಿ ಒಡೆದ, ಬಾಯ್ಲರಿನ ತಿರುಪು ಮುಚ್ಚಿದ. ಮೇಜಿನ ಮೇಲೆ ತಲೆಯಿಟ್ಟಿದ್ದ ಬೆರ್ಮೆತ್ ಕರೆದರೂ ಓಗೊಡಲಿಲ್ಲ. ಅವಳ ಕೆನ್ನೆಗಳು ಮಾತ್ರ ಹಬ್ಬಕ್ಕೆ ಬಣ್ಣ ಹಚ್ಚಿದಂತೆ ಕೆಂಪಗಿದ್ದವು.

ಆಸ್ಪತ್ರೆಯ ವೈದ್ಯೆ ರಕ್ತ ಪರೀಕ್ಷಿಸಿ ಹೇಳಿದಳು: ಗ್ಯಾಸು ಉರಿದ ಹೊಗೆ ಹೊರಗೆ ಹೋಗದೆ ವಿಷವಾಗಿದೆ; ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ; ಇಲ್ಲದ್ದನ್ನು ತೋರಿಸುತ್ತದೆ, ಕೇಳಿಸುತ್ತದೆ. ಮಗು ಬದುಕುತ್ತದೆಯೇ? ನಾಳೆ ಹೇಳುತ್ತೇನೆ ಎಂದಳು.

ಜನವರಿ ಹನ್ನೆರಡರ ಬೆಳಿಗ್ಗೆ, ನೆರೆಯ ಇಬ್ಬರನ್ನು ಪಂಚರಾಗಿ ಕರೆದು ಎಸೆನ್ ಮಾಡು ಹತ್ತಿದ. ಹೊಗೆಕೊಳವೆಯ ಬಾಯಿಗೆ ಉಣ್ಣೆಯ ಕಂಬಳಿ ತುರುಕಿ ತಂತಿ ಬಿಗಿದಿತ್ತು. ಕೆಂಪು ಕಂಬಳಿ, ಟಗರುಕೊಂಬಿನ ಚಿತ್ತಾರ, ಅಂಚಿಗೆ ಕೈಹೊಲಿಗೆ. ಪಂಚನಾಮೆ ಬರೆಯುವಾಗ ಇಬ್ಬರಲ್ಲಿ ಒಬ್ಬ ಅದನ್ನು ಮುಟ್ಟಲೊಲ್ಲದೆ ಹಿಂದೆ ಸರಿದ. “ಇದು ತುರ್ದುಬೆಕ್ ಮನೇದು,” ಎಂದ.

ಠಾಣೆಯಲ್ಲಿ ಮುದುಕ ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡು ಕೂತ.

“ಕೊಳವೆ ಮುಚ್ಚಿದ್ದು ಯಾರು ತಾತ?”

“ನಾನೇ. ಗ್ಯಾಸಿಗೆಲ್ಲಿದೆಯಪ್ಪಾ ಹೊಗೆ? ಸೌದೆ ಅಲ್ಲ, ಸಗಣಿ ಅಲ್ಲ.”

“ಹೊಗೆ ಇಲ್ದಿದ್ರೆ ಮುಚ್ಚಿದ್ಯಾಕೆ?”

ಮುದುಕ ಟೋಪಿಯ ಅಂಚನ್ನು ತಿರುಗಿಸತೊಡಗಿದ.

“ಅಜ್ಜಿ ಸತ್ತಾಗ ಗ್ಯಾಸ್ ಇಲಾಖೆಯವ್ರು ಬಂದಿದ್ರು ಅಂತ ನೆರೆಯವ್ರು ಹೇಳಿದ್ರು. ಅವ್ರು ಏನಂದ್ರು?”

“ಕೊಳವೆ ತೆಗ್ದಿಡು ಅಂದ್ರು. ತೆಗ್ದೆ.”

“ಮತ್ತೆ ಮುಚ್ಚಿದ್ರಿ.”

“ಚಳಿ ಬಂತು. ಕೊಳವೆಯಿಂದ ಬೆಳ್ಳಗೆ ಹೊಗೆ ಏಳೋಕೆ ಶುರುವಾಯ್ತು.”

“ಬಾಡಿಗೆ ಎಣಿಸ್ಕೊಳ್ಳೋದು ನಿಮ್ಮ ಕೆಲ್ಸ, ಉಸಿರಾಡೋದು ಅವರ ಹಣೆಬರಹ. ಅಲ್ವಾ?” ಎಸೆನ್ ಮೇಜು ಗುದ್ದಿದ. “ಮನೇಲಿ ಯಾರೋ ಓಡಾಡ್ತಾರೆ ಅಂತ ತಾಯಿ ಬಂದ್ರೆ ಕಿಟಕಿ ಮುಚ್ಚು ಅಂದ್ರಲ್ಲ!”

ಆಗ ಫೋನು ಬಂತು. ಬೆರ್ಮೆತ್ ಕಣ್ಣು ಬಿಟ್ಟಿದ್ದಳು, ನೀರು ಕೇಳಿ ಕುಡಿದಿದ್ದಳು. ಎಸೆನ್ ಅದನ್ನು ಹೇಳಿದಾಗ ಮುದುಕನ ಗಡ್ಡ ಅದುರಿತು. ಆಮೇಲೆ ಎಲ್ಲವನ್ನೂ ಹೇಳಿದ.

ಆ ಮನೆ ಕಟ್ಟಿದ್ದು ಅವನ ಒಬ್ಬನೇ ಮಗ ಅಜಮತ್. ಮದುವೆಗೆ ಮುಂಚೆ ರಸ್ತೆ ಅಪಘಾತದಲ್ಲಿ ಸತ್ತ. ಖಾಲಿ ಬಿಟ್ಟರೆ ಗೋಡೆ ಬಿರಿಯುತ್ತದೆಂದು ಮುದುಕ ಬಾಡಿಗೆಗೆ ಕೊಟ್ಟಿದ್ದ. ಒಂದು ಮನೆಯ ಮೇಲೆ ಏಳುವ ಹೊಗೆ ಆ ಮನೆಯ ವಂಶ ಮುಂದುವರಿಯುತ್ತಿರುವ ಗುರುತು ಎನ್ನುವುದು ಅಲ್ಲಿಯವರ ನಂಬಿಕೆ. ಚಳಿಯಲ್ಲಿ ಮಗನ ಮಾಡಿನ ಮೇಲೆ ಪರರ ಹೊಗೆ ಏಳುವುದನ್ನು ದಿನವೂ ಬಾಗಿಲಲ್ಲಿ ನಿಂತು ನೋಡಲು ಅವನಿಂದಾಗಲಿಲ್ಲ.

ಸಂಜೆ ನಾಲ್ಕಕ್ಕೆ ಬಂಧನ ದಾಖಲಾಯಿತು. ಜೊಲ್ದೋಶ್ ಕೈಕೋಳ ತಂದ. ಮುದುಕ ಕೈ ಚಾಚಿ ಒಂದೇ ಮಾತು ಕೇಳಿದ.

“ಆ ಕಂಬಳಿ ವಾಪಸ್ ಕೊಡ್ತೀರಾ? ಅವನ ಮದುವೆಗೇಂತ ಅವರಮ್ಮ ಹೊಲಿದಿದ್ದು.”

“ಅದು ಸಾಕ್ಷ್ಯ ತಾತ,” ಎಂದ ಎಸೆನ್. “ಕೋರ್ಟಿಗೆ ಹೋಗುತ್ತೆ.”