ಆರದ ಕೆಂಪು

ನಾಗಸಾಕಿಯ ಗುಡ್ಡದ ಹಳೆಯ ಸಮಾಧಿಗಳನ್ನು ಇಪ್ಪತ್ತು ವರ್ಷಗಳಿಂದ ದಾಖಲಿಸುತ್ತಿರುವವಳು ನಾನು. ಸುಲಭಕ್ಕೆ ಹೆದರುವ ಪೈಕಿಯವಳಲ್ಲ. ಗಂಡ ತೀರಿಕೊಂಡಾಗ ಅವನ ಕಲ್ಲಿನಲ್ಲೇ ಹೆಂಡತಿಯ ಹೆಸರನ್ನೂ ಕೆತ್ತಿ ಕೆಂಪು ತುಂಬುವುದು ನಮ್ಮ ರೂಢಿ. ಅವಳೂ ಹೋದ ಮೇಲೆ ಆ ಕೆಂಪನ್ನು ಕೆರೆದು ತೆಗೆಯುತ್ತೇವೆ. ೧೮೮೯ರ ಕಲ್ಲೊಂದರಲ್ಲಿ ‘ಇಸೊ’ ಎಂಬ ಹೆಸರು ಇನ್ನೂ ಕೆಂಪಗಿತ್ತು. ಯಾರೋ ಮರೆತಿದ್ದಾರೆಂದು ಮಟಮಟ ಮಧ್ಯಾಹ್ನ ನಾನೇ ಕೆರೆದೆ. ಕಲ್ಲು ನೆರಳಿನಲ್ಲಿ ತಣ್ಣಗಿತ್ತು. ಆ ಹೆಸರು ಮಾತ್ರ ಬೆಚ್ಚಗಿತ್ತು.

ಮರುದಿನ ನೋಡಿದರೆ ಮತ್ತೆ ಹಸಿ ಕೆಂಪು.

“ನಿಮ್ಮದೇ ಕಿತಾಪತಿ ತಾನೇ ಅಜ್ಜ?” ಎಂದು ಕಲ್ಲುಕುಟಿಗ ಕುರೊಇವಾ ಅವರನ್ನು ಗದರಿದೆ.

“ನನಗ್ಯಾಕಮ್ಮ ಆ ಉಸಾಬರಿ? ಅವಳು ಸತ್ತಳು ಅಂತ ನಿಂಗ್ಯಾರು ಹೇಳಿದ್ದು?”

ಮಂದಿರದ ಮರಣದ ಪುಸ್ತಕ ತೆಗೆಸಿದೆ. ಅವಳ ಗಂಡ, ಮಕ್ಕಳು, ಮರಿಮಕ್ಕಳು ಎಲ್ಲರೂ ಅದರಲ್ಲಿದ್ದರು. ಇಸೊ ಇರಲಿಲ್ಲ.