ಗುಂಡಣ್ಣನ ತಿಳಿನೀರು

“ಮೀನಿನ ಔಷಧಿ ಇದೆಯಾ? ಆ ಕೆಂಪು ಮುಚ್ಚಳದ ಬಾಟಲಿದು...”

ಅಂಗಡಿಯ ಒಳತುದಿಯಲ್ಲಿ ಬಗ್ಗಿ, ಸಣ್ಣ ಮೀನುಗಳನ್ನು ಜಾಲರಿಯಲ್ಲಿ ಹಿಡಿಯುತ್ತಿದ್ದವಳ ಕೈ ನೀರಿನಲ್ಲೇ ನಿಂತುಹೋಯಿತು.

ಈ ದನಿ...!

ಪ್ರೇಮಕಥೆಗಳಲ್ಲಿ ಇಂಥ ಹೊತ್ತಿಗೆ ನಾಯಕಿಯ ಎದೆ ಝಲ್ಲೆನ್ನಬೇಕು. ಇವಳದ್ದೂ ಝಲ್ಲೆಂದಿತು, ಸುಳ್ಳೇಕೆ ಹೇಳಬೇಕು? ಆದರೆ ಮರುಕ್ಷಣವೇ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಈ ಅಂಗಡಿಯ ಕಡೆ ತಲೆಯೂ ಹಾಕಬೇಡಿ ಎಂದು ವರ್ಷದ ಹಿಂದೆ ಹೇಳಿ ಬಂದವಳು ಇವಳೇ. ಕೇಳಿಸಿಕೊಂಡು ಸುಮ್ಮನೆ ತಲೆಯಾಡಿಸಿದ ಗಂಡ ಇವನೇ.

“ಪೇಟೇಲಿ ಬೇರೆ ಅಂಗಡಿ ಇಲ್ವಾ?” ತಿರುಗದೆಯೇ ಕೇಳಿದಳು.

“ಇದೆ. ಎರಡು ಬಾಟಲಿ ಅಲ್ಲೇ ತಗೊಂಡು ಸುರಿದೆ. ಏನೂ ಪ್ರಯೋಜನ ಆಗ್ಲಿಲ್ಲ.” ಅವನು ಒಂದು ಹೆಜ್ಜೆ ಹತ್ತಿರ ಬಂದ. “ಗುಂಡಣ್ಣ ಉಳಿಯಲ್ಲ ಅನ್ಸುತ್ತೆ ಕಣೇ...”

ಜಾಲರಿ ಕೈಜಾರಿ ನೀರಿಗೆ ಬಿತ್ತು.

ಗುಂಡಣ್ಣ ಎಂದರೆ ಮನುಷ್ಯನಲ್ಲ, ಒಂದು ಆಸ್ಕರ್ ಮೀನು. ಕಪ್ಪು ಮೈ, ಮೈತುಂಬ ಕೆಂಡದ ಬಣ್ಣದ ಗೆರೆಗಳು, ಊಟದ ತಟ್ಟೆಯಷ್ಟು ದೊಡ್ಡ ದೇಹ, ಅದಕ್ಕೆ ತಕ್ಕ ಗತ್ತು. ಮದುವೆಯಾದ ಹೊಸದರಲ್ಲಿ ಇದೇ ಅಂಗಡಿಯಿಂದ ಹೆಬ್ಬೆರಳಷ್ಟು ಮರಿಯನ್ನು ಅವಳೇ ಮನೆಗೆ ಒಯ್ದಿದ್ದಳು. ಬಸುರಿಯಾದಾಗ ದಿನಾ ಮಧ್ಯಾಹ್ನ ತೊಟ್ಟಿಯ ಗಾಜಿಗೆ ಹೊಟ್ಟೆ ಆನಿಸಿ ನಿಲ್ಲುತ್ತಿದ್ದಳು. ಗುಂಡಣ್ಣ ಯಾವ ಮೂಲೆಯಲ್ಲಿದ್ದರೂ ಸರ್ರನೆ ಬಂದು ಗಾಜಿಗೆ ಮೂತಿ ಒತ್ತುತ್ತಿದ್ದ.

“ನೋಡೋ ಪುಟ್ಟ, ನಿನ್ನ ಸೋದರಮಾವ ಬಂದ!” ಎಂದು ಒಳಗಿನ ಜೀವಕ್ಕೆ ಹೇಳಿ ನಗುತ್ತಿದ್ದಳು.

ಆ ಜೀವ ಕಣ್ಣು ಬಿಡಲಿಲ್ಲ. ಏಳನೇ ತಿಂಗಳಲ್ಲಿ ಎಲ್ಲ ಮುಗಿದುಹೋಯಿತು. ಅದರ ಜೊತೆ ಅವಳು ಮಾತಾಡಿದ್ದನ್ನು ಕಂಡದ್ದು ಆ ಮೀನು ಒಂದೇ. ಅದೂ ಹೋದರೆ...?

ನೀರು ಪರೀಕ್ಷೆ ಮಾಡುವ ಡಬ್ಬಿಯನ್ನು ಬ್ಯಾಗಿಗೆ ತುರುಕಿದಳು. ಮಾಲೀಕರಿಗೆ ಅರ್ಧ ದಿನ ರಜೆ ಎಂದು ಕೂಗಿ ಹೇಳಿ, ಅವನ ಮುಖ ನೋಡದೆ ಮೆಟ್ಟಿಲಿಳಿದಳು.

“ಸ್ಕೂಟರ್ ಇದೆ. ಕೂತ್ಕೋ.”

“ನಡ್ಕೊಂಡು ಬರ್ತೀನಿ.”

“ಅಷ್ಟು ಹೊತ್ತು ಅವನು ತಡೀಬೇಕಲ್ಲ?”

ಕೂತಳು. ಇಬ್ಬರ ನಡುವೆ ಬ್ಯಾಗ್ ಇಟ್ಟುಕೊಂಡಳು.

ಮನೆ ಹೊಳೆಯುತ್ತಿತ್ತು. ಕನ್ನಡಕದ ಅಂಗಡಿ ಇಟ್ಟವನ ಮನೆ ಇನ್ನು ಹೇಗಿರುತ್ತದೆ? ಜೇಬಿನಲ್ಲಿ ಸದಾ ಗಾಜು ಒರೆಸುವ ಮೆತ್ತನೆಯ ಬಟ್ಟೆ. ಕಿಟಕಿಯಾಗಲಿ, ಲೋಟವಾಗಲಿ, ಬೆರಳಿನ ಗುರುತು ಕಂಡರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ.

ತೊಟ್ಟಿಯ ಮುಂದೆ ಅತ್ತೆ ಸ್ಟೂಲ್ ಹಾಕಿಕೊಂಡು ಕೂತಿದ್ದರು. ಕೈಯಲ್ಲಿ ಮೀನಿನ ಆಹಾರದ ಡಬ್ಬ.

“ಬಂದ್ಯಾಮ್ಮ? ನೋಡಿಲ್ಲಿ, ಬೆಳಿಗ್ಗೆಯಿಂದ ಒಂದೇ ಸಮ ಬಾಯಿ ಬಾಯಿ ಬಿಡ್ತಿದೆ. ಎಷ್ಟು ಹಾಕಿದ್ರೂ ಇದಕ್ಕೆ ಹಸಿವೇ ಇಂಗ್ತಿಲ್ಲ.”

“ಅಯ್ಯೋ ಅತ್ತೆ! ಅದು ಹಸಿವಲ್ಲ... ಉಸಿರು ಸಿಕ್ತಿಲ್ಲ ಅವನಿಗೆ!”

ಅತ್ತೆಯ ಕೈಯಲ್ಲಿದ್ದ ಡಬ್ಬ ಮೆಲ್ಲಗೆ ಬೆನ್ನ ಹಿಂದೆ ಸರಿಯಿತು.

ಗುಂಡಣ್ಣ ಮೇಲಕ್ಕೆ ಮೂತಿ ಚಾಚಿ ತೇಲುತ್ತಿದ್ದ. ರೆಕ್ಕೆಗಳು ಮೈಗೆ ಅಂಟಿಕೊಂಡಿದ್ದವು. ಕಿವಿರು ಕೆಂಪಾಗಿ ಊದಿತ್ತು. ಒಂದು ಕಣ್ಣಿನ ಮೇಲೆ ಬೆಳ್ಳನೆಯ ಪೊರೆ. ಅವಳು ಗಾಜಿಗೆ ಅಂಗೈ ಒತ್ತಿದಳು. ಅವನು ಬರಲಿಲ್ಲ.

ಸಣ್ಣ ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ತುಂಬಿ, ಡಬ್ಬಿಯಲ್ಲಿದ್ದ ಹನಿಗಳನ್ನು ಬಿಟ್ಟು ಅಲುಗಾಡಿಸಿದಳು. ಹಳದಿಯಾಗಿಯೇ ಉಳಿದರೆ ಕ್ಷೇಮ. ಉಳಿಯಲಿಲ್ಲ. ನೋಡನೋಡುತ್ತಿದ್ದಂತೆ ಕಡುಹಸಿರಿಗೆ ತಿರುಗಿತು.

“ಇಷ್ಟು ತಿಳಿಯಾಗಿದೆಯಲ್ಲ ನೀರು...” ಅವನು ನಂಬದೆ ಬಗ್ಗಿ ನೋಡಿದ.

“ತಿಳಿಯಾಗೇ ಇದೆ. ನೀವು ಮಾರೋ ಕನ್ನಡಕದ ಹಾಗಿದೆ. ಅದರ ತುಂಬ ಅಮೋನಿಯಾ! ಅವನ ಗಲೀಜು, ಅತ್ತೆ ಹಾಕಿದ ಆಹಾರ ಎಲ್ಲಾ ಕೊಳೆತು ವಿಷ ಆಗಿದೆ. ಅದು ಕಣ್ಣಿಗೆ ಕಾಣಲ್ಲ, ಕಿವಿರು ಸುಡುತ್ತೆ. ಇದಕ್ಕೆ ಬಾಟಲಿ ಔಷಧಿ ಇಲ್ಲ ರೀ. ನೀರು ಸರಿಹೋಗ್ಬೇಕು, ಅಷ್ಟೇ.” ತಟ್ಟನೆ ನಿಲ್ಲಿಸಿದಳು. “ಅಲ್ಲಾ, ಫಿಲ್ಟರ್ ಏನು ಮಾಡ್ತಿತ್ತು?”

ಫಿಲ್ಟರಿನ ಮುಚ್ಚಳ ತೆಗೆದಳು. ಒಳಗಿನ ಸ್ಪಂಜು ಅಚ್ಚ ಬಿಳಿಯಾಗಿತ್ತು.

“ಇದನ್ನ ಯಾರು ತೊಳೆದಿದ್ದು?”

“ನಾನೇ.” ಅವನ ದನಿಯಲ್ಲಿ ಪಾಪ, ಸಣ್ಣದೊಂದು ಹೆಮ್ಮೆಯೂ ಇತ್ತು. “ಕಂದುಬಣ್ಣಕ್ಕೆ ತಿರುಗಿ ಲೋಳೆ ಲೋಳೆ ಆಗಿತ್ತು. ಬಿಸಿನೀರಲ್ಲಿ ನೆನೆಸಿ, ನಲ್ಲಿ ಕೆಳಗೆ ಹಿಡಿದು, ಬೆಳ್ಳಗಾಗೋ ತನಕ ತಿಕ್ಕಿದೆ. ತಳದ ಕಲ್ಲನ್ನೂ ಬಿಡಲಿಲ್ಲ.”

ಅವಳು ಸ್ಪಂಜನ್ನು ಹಿಡಿದುಕೊಂಡು ನೆಲದ ಮೇಲೆ ಕೂತಳು.

“ಆ ಲೋಳೆನೇ ರೀ ಅವನನ್ನ ಬದುಕಿಸ್ತಿದ್ದಿದ್ದು! ಅದರೊಳಗೆ ಕಣ್ಣಿಗೆ ಕಾಣದ ಜೀವಗಳಿರ್ತವೆ. ವಿಷಾನ ತಿಂದು ಕರಗಿಸೋದು ಅವೇ. ಎಲ್ಲಾನೂ ಕೊಂದುಹಾಕಿದ್ದೀರಿ. ಎಲ್ಲಾನೂ!”

“ನನಗೆ ಗೊತ್ತಿರಲಿಲ್ಲ...”

“ನಿಮಗೆ ಯಾವತ್ತು ಗೊತ್ತಾಗಿದೆ? ಕೊಳೆ ಕಂಡ್ರೆ ತೊಳೆದುಬಿಡೋದು. ನೋವು ಕಂಡ್ರೆ ಬಿಳಿ ಬಣ್ಣ ಬಳಿದುಬಿಡೋದು! ಅವತ್ತೂ ಇದನ್ನೇ ತಾನೇ ಮಾಡಿದ್ದು?”

ಒಂದೂವರೆ ವರ್ಷ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಕೊನೆಗೂ ಹೊರಬಿತ್ತು. ಗಾಳಿಯ ಪಂಪು ಮಾತ್ರ ಗೊರಗೊರ ಎನ್ನುತ್ತಿತ್ತು.

ಅವತ್ತು...

ಅವತ್ತು ಅವಳು ಬರಿಗೈಯಲ್ಲಿ ಆಸ್ಪತ್ರೆಯಿಂದ ಮರಳಿದ್ದಳು. ದಾರಿಯುದ್ದಕ್ಕೂ ಅವಳಿಗೆ ಬೇಕಾಗಿದ್ದು ಒಂದೇ. ಮಗುವಿಗೆಂದು ಅಣಿಮಾಡಿದ್ದ ಕೋಣೆಗೆ ಹೋಗಬೇಕು, ಬಾಗಿಲು ಹಾಕಿಕೊಂಡು ತೊಟ್ಟಿಲ ಪಕ್ಕ ಕೂತು ಹೊಟ್ಟೆ ತುಂಬ ಅಳಬೇಕು. ಬಾಗಿಲು ತೆರೆದರೆ ತೊಟ್ಟಿಲಿಲ್ಲ. ಪುಟ್ಟ ಟೋಪಿಗಳಿಲ್ಲ. ಅವಳೇ ಬಣ್ಣ ಹಚ್ಚಿದ್ದ ಗೋಡೆ ಬೆಳ್ಳಗೆ, ಇನ್ನೂ ಹಸಿ ವಾಸನೆ! ಆ ಮನೆಗೆ ಮಗುವೊಂದು ಬರುವುದಿತ್ತು ಎಂಬುದೇ ಸುಳ್ಳು ಎನ್ನುವಂತೆ.

‘ಇವನಿಗೆ ಮಗು ಅಂದ್ರೆ ಇಷ್ಟೇನಾ?’

ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ. ಆಮೇಲಿನ ದಿನಗಳಲ್ಲಿ ಹಾಲು, ಕರೆಂಟು, ಬೀಗದ ಕೈ ಬಿಟ್ಟರೆ ಬೇರೆ ಮಾತಿಲ್ಲ. ಜಗಳವಿಲ್ಲ, ಕೂಗಾಟವಿಲ್ಲ. ನೋಡಿದವರು ಎಂಥ ತಣ್ಣಗಿನ ಸಂಸಾರ ಎಂದರು. ಆ ತಣ್ಣಗಿನ ಮನೆಯಲ್ಲಿ ಉಸಿರು ಕಟ್ಟಿಯೇ ಅವಳು ಅಕ್ಕನ ಮನೆಗೆ ಹೊರಟಿದ್ದಳು. ಅಲ್ಲಿ ತೊಟ್ಟಿಗೆ ಜಾಗವಿಲ್ಲದೆ ಗುಂಡಣ್ಣನನ್ನು ಇಲ್ಲೇ ಬಿಟ್ಟಿದ್ದಳು.

ಅತ್ತೆ ಅಡುಗೆಮನೆಯ ಕಡೆ ಹೊರಟವರು ಬಾಗಿಲಲ್ಲಿ ನಿಂತರು. “ಜಗಳ ಆಡ್ಕೊಳ್ಳಿ. ಆದ್ರೆ ಸರಿಯಾಗಿ ಬಾಯಿ ಬಿಟ್ಟು ಆಡಿ. ನಿಮ್ಮಿಬ್ಬರ ಮಧ್ಯೆ ನಾನು ಮೀನಿನ ಜೊತೆ ಮಾತಾಡೋ ಹಾಗಾಗಿದೆ.”

ಅವಳು ಕಣ್ಣೊರೆಸಿಕೊಂಡು ಎದ್ದಳು. “ಬಕೆಟ್ ತನ್ನಿ.”

ಪೈಪ್ ಹಾಕಿ ಮೂರನೇ ಒಂದು ಭಾಗದಷ್ಟು ನೀರು ಇಳಿಸಿದರು. ತಳದಲ್ಲಿ ಕೊಳೆತಿದ್ದ ಆಹಾರವೂ ಅದರೊಂದಿಗೆ ಹೊರಬಂತು. ಹೊಸ ನೀರಿಗೆ ಅವಳು ಕ್ಲೋರಿನ್ ತೆಗೆಯುವ ಹನಿ ಬೆರೆಸಿ, ಎರಡೂ ನೀರಿನಲ್ಲಿ ಕೈಯಿಟ್ಟು ಬಿಸಿ ಹೊಂದಿದೆಯೇ ಎಂದು ನೋಡಿ, ಮಗುವಿಗೆ ಎರೆದ ಹಾಗೆ ಮೆಲ್ಲಗೆ ಸುರಿದಳು. ಅವನು ಬಕೆಟ್ ಮೇಲೆ ಬಕೆಟ್ ಹೊತ್ತು ತಂದ.

“ಆ ಸ್ಪಂಜು ಯಾಕೆ ತೊಳೆದೆ ಗೊತ್ತಾ?” ಬೆನ್ನು ಹಾಕಿಕೊಂಡೇ ಕೇಳಿದ. “ಹೋದ ಭಾನುವಾರ ಗುಂಡಣ್ಣನ್ನ ನೋಡೋಕೆ ಬರ್ತೀನಿ ಅಂತ ಅಮ್ಮಂಗೆ ಫೋನ್ ಮಾಡಿದ್ದೆ ನೀನು. ಬಂದಾಗ ಎಲ್ಲಾ ಚೆನ್ನಾಗಿರ್ಲಿ ಅಂತ... ಸಂಜೆ ತನಕ ಕಾದೆ. ನೀನು ಬರಲಿಲ್ಲ.”

“ಬಂದಿದ್ದೆ.”

ಅವನು ಗಕ್ಕನೆ ತಿರುಗಿದ.

“ಗೇಟಿನ ತನಕ ಬಂದಿದ್ದೆ. ಕಿಟಕಿ ಎಲ್ಲಾ ಫಳಫಳ ಅಂತಿತ್ತು. ಹೊಸ ಪರದೆ ಬೇರೆ. ನಾನಿಲ್ದೆ ಮನೆ ಎಷ್ಟು ಚೆನ್ನಾಗಿದೆ ಅನ್ನಿಸ್ತು. ವಾಪಸ್ ಹೋದೆ.”

“ಅಯ್ಯೋ... ಅದೆಲ್ಲ ನಿನಗೋಸ್ಕರ ಮಾಡಿದ್ದು ಕಣೇ!”

“ಗೊತ್ತಾಯ್ತು ಈಗ. ಅದಕ್ಕೇ ಸಿಟ್ಟು ಇನ್ನೂ ಜಾಸ್ತಿ ಬರ್ತಿದೆ.”

ಸಿಟ್ಟಿನಲ್ಲೂ ಅವಳ ಕೈ ಕೆಲಸ ಬಿಡಲಿಲ್ಲ. “ನಮ್ಮ ಅಂಗಡಿಗೆ ಹೋಗಿ. ದೊಡ್ಡ ತೊಟ್ಟಿಯಲ್ಲಿರೋ ಹಳೇ ಸ್ಪಂಜು ಕೇಳಿ. ಆ ತೊಟ್ಟಿ ನೀರಲ್ಲೇ ಮುಳುಗಿಸಿ ತನ್ನಿ. ದಾರೀಲಿ ಒರೆಸೋಕೆ ಹೋಗ್ಬೇಡಿ!”

ತಂದ. ಅವಳು ಅದನ್ನು ಫಿಲ್ಟರಿನೊಳಗೆ ಇಟ್ಟು, ಸ್ವಲ್ಪ ಹಿಂಡಿದಳು. ಕೆಸರಿನಂಥ ನೀರು ಹೊರಬಂದು ತೊಟ್ಟಿಯೆಲ್ಲ ಮಬ್ಬಾಯಿತು. ಅವನ ಮುಖ ಹುಳ್ಳಗಾಯಿತು.

“ಇಷ್ಟು ಕೊಳೆನಾ?”

“ಇಷ್ಟೂ ಬೇಕು. ಆ ಜೀವಗಳು ಮತ್ತೆ ಬೆಳೀಬೇಕಲ್ಲ.”

ಅವನು ಆ ಕಂದು ನೀರನ್ನೇ ನೋಡುತ್ತ ಹೇಳಿದ.

“ನಿನಗೆ ನೋವಾಗ್ಬಾರ್ದು ಅಂತ ಬಣ್ಣ ಬಳಿದೆ ಅಂತ ನನಗೆ ನಾನೇ ಹೇಳ್ಕೊಂಡೆ. ಸುಳ್ಳು. ಆ ತೊಟ್ಟಿಲನ್ನ ನೋಡೋಕೆ ನನ್ನ ಕೈಲೇ ಆಗ್ಲಿಲ್ಲ. ನೀನು ಅತ್ರೆ ನಾನೂ ಅತ್ತುಬಿಡ್ತೀನಿ ಅಂತ ಹೆದರಿದೆ. ನಿನಗೆ ಅಳೋಕೆ ಒಂದು ಜಾಗ ಬೇಕು ಅಂತ ಹೊಳೀಲೇ ಇಲ್ಲ.”

ಅವಳು ತುಟಿ ಕಚ್ಚಿಕೊಂಡಳು. “ಆ ಗೋಡೆ ಯಾವ ಬಣ್ಣ ಇತ್ತು? ನೆನಪಾದ್ರೂ ಇದೆಯಾ?”

“ಹಳದಿ. ಬಾಗಿಲ ಪಕ್ಕ ನೀನು ಒಂದು ಆನೆ ಬರೆದಿದ್ದೆ. ಅದಕ್ಕೆ ಬಾಲ ಇರಲಿಲ್ಲ.”

“ಬಾಲ ಮರೆತೇ ಹೋಗಿತ್ತು...”

“ಮರೆತಿರಲಿಲ್ಲ. ಸೊಂಟ ನೋಯ್ತಿದೆ, ನಾಳೆ ಬರೀತೀನಿ ಅಂದಿದ್ದೆ. ಆ ರಾತ್ರಿನೇ...”

ಅವಳು ಬೆರಗಾಗಿ ಅವನನ್ನೇ ನೋಡಿದಳು. ನಾಳೆ ಎಂದಿದ್ದೆನಾ? ತನಗೇ ನೆನಪಿಲ್ಲದ ಮಾತು! ಎಲ್ಲ ಅಳಿಸಿದವನು ಎಂದು ತಾನು ಶಪಿಸಿದವನು ಅದನ್ನು ಹೊತ್ತುಕೊಂಡು ಬದುಕಿದ್ದಾನೆ...

“ಅದರ ಮೇಲೆ ಎಷ್ಟು ಸಲ ಬಳಿದ್ರೂ ಹೋಗ್ಲಿಲ್ಲ ಕಣೇ. ಸಂಜೆ ಬಿಸಿಲು ಬಿದ್ದಾಗ ಈಗಲೂ ಕಾಣುತ್ತೆ. ಅದನ್ನ ನೋಡೋಕೇ ಅಂಗಡಿ ಬೇಗ ಮುಚ್ಚಿ ಬರ್ತೀನಿ.”

ಅವಳು ಆ ಕೋಣೆಯ ಬಾಗಿಲು ತಳ್ಳಿದಳು. ಕಿಟಕಿಯಿಂದ ಓರೆಯಾಗಿ ಬಿಸಿಲು ಬಿದ್ದಿತ್ತು. ಬಿಳಿ ಬಣ್ಣದ ಅಡಿಯಲ್ಲಿ ಮಸುಕಾಗಿ ಒಂದು ಉಬ್ಬಿದ ಬೆನ್ನು, ಎತ್ತಿದ ಸೊಂಡಿಲು. ಅದರ ಮೇಲೆ ಕೈಯಿಟ್ಟದ್ದೇ ತಡ, ಅವಳ ಕಟ್ಟೆಯೊಡೆಯಿತು. ಆ ಮನೆಯಲ್ಲಿ ಮೊದಲ ಸಲ ದನಿ ತೆಗೆದು ಅತ್ತಳು.

ಪಕ್ಕದಲ್ಲಿ ಕೂತವನ ಕೈ ಅಭ್ಯಾಸಬಲದಿಂದ ಜೇಬಿನ ಬಟ್ಟೆಗೆ ಹೋಯಿತು. ಹೋದದ್ದು ಅಲ್ಲೇ ನಿಂತಿತು. ಅವನು ಅವಳ ಕಣ್ಣೀರು ಒರೆಸಲಿಲ್ಲ. ಅವಳ ಭುಜಕ್ಕೆ ಹಣೆಯಿಟ್ಟು ತಾನೂ ಬಿಕ್ಕಿ ಬಿಕ್ಕಿ ಅತ್ತ.

ಎಷ್ಟೋ ಹೊತ್ತಿನ ಮೇಲೆ ಅತ್ತೆಯ ಕೂಗು ಕೇಳಿತು. “ಬನ್ರೋ ಇಲ್ಲಿ! ಗುಂಡಣ್ಣ ಕೆಳಗಿಳಿದ! ಬಾಯಿ ಬಿಡೋದು ನಿಲ್ಲಿಸಿದ! ನಾನು ಒಂದು ಕಾಳೂ ಹಾಕಿಲ್ಲ, ಆಣೆಗೂ!”

ಗುಂಡಣ್ಣ ತೊಟ್ಟಿಯ ನಡುವೆ ತೂಗುತ್ತಿದ್ದ. ರೆಕ್ಕೆ ತುಸು ಬಿಚ್ಚಿತ್ತು. ಅವಳು ಗಾಜಿಗೆ ಅಂಗೈ ಒತ್ತಿದಳು. ಅವನು ನೆಟ್ಟಗಿದ್ದ ಕಣ್ಣನ್ನು ಈ ಕಡೆ ತಿರುಗಿಸಿದ. ಸರ್ರನೆ ಅಲ್ಲ, ಮುದುಕನ ಹಾಗೆ ತಡೆದು ತಡೆದು ಬಂದ.

“ಬದುಕ್ತಾನಾ?”

“ಆ ಕಣ್ಣು ಹೋದ್ರೂ ಹೋಗ್ಬಹುದು. ಬದುಕೋದು... ಗೊತ್ತಿಲ್ಲ. ದಿನಾ ಸ್ವಲ್ಪ ಸ್ವಲ್ಪ ನೀರು ಬದಲಾಯಿಸ್ಬೇಕು. ಒಂದೇ ಸಲಕ್ಕೆ ಎಲ್ಲಾ ಬದಲಾಯಿಸಿದ್ರೆ ತಡ್ಕೊಳ್ಳಲ್ಲ. ಬಹಳ ದಿನ ಹಿಡಿಯುತ್ತೆ.”

“ವಾಪಸ್ ಬಾ ಅಂತ ಕೇಳೋ ಮುಖ ನನಗಿಲ್ಲ. ಆದ್ರೂ ನೀನಿಲ್ದೆ ನನಗೆ...”

“ಇವತ್ತು ಕೇಳ್ಬೇಡಿ. ಇವತ್ತು ಕೇಳಿದ್ರೆ ಇಲ್ಲ ಅಂತೀನಿ.”

ಅವನು ತಲೆ ತಗ್ಗಿಸಿದ. ಅವಳು ಬ್ಯಾಗ್ ಹೆಗಲಿಗೇರಿಸಿ ಬಾಗಿಲವರೆಗೆ ಹೋದಳು. ಚಪ್ಪಲಿ ಮೆಟ್ಟಿಕೊಳ್ಳುತ್ತ ಹಿಂದೆ ನೋಡದೆ ಹೇಳಿದಳು.

“ನಾಳೆ ನೀರು ಬದಲಾಯಿಸೋಕೆ ಬರ್ತೀನಿ. ಬರೋವಾಗ ಒಂದು ಸಣ್ಣ ಬ್ರಷ್ ತರ್ತೀನಿ.”

“ಬ್ರಷ್ಷಾ? ತೊಟ್ಟಿ ತಿಕ್ಕೋಕಾ?”

“ಅಲ್ಲ ರೀ...” ಅವಳು ಈಗ ಹಿಂದೆ ತಿರುಗಿದಳು. “ಆನೆಗೆ ಬಾಲ ಬರೀಬೇಕು.”

ಅವನು ಬಾಗಿಲವರೆಗೆ ಬಂದ.

“ಬಣ್ಣ ನಾನು ತಂದಿಟ್ಟಿರ್ತೀನಿ.”

“ತನ್ನಿ. ಅಲ್ಲಿ ತನಕ ಆ ಗೋಡೆ ಒರೆಸಬೇಡಿ.”

“ಇಲ್ಲ ಕಣೇ. ಒರೆಸಲ್ಲ.”