ನಂಜಪ್ಪನ ಬಾವಿಯ ಬೀಪ್ ಬೀಪ್

ಮಚ್ಚು ನನ್ನ ಕುತ್ತಿಗೆಯ ಮೇಲಿತ್ತು. ಸಾಣೆ ಹಿಡಿಸಿ ಎರಡು ದಿನವೂ ಆಗಿರಲಿಲ್ಲ!

"ಅಳ್ಸು ಅನ್ಲಾ ಅವ್ನಿಗೆ!" ಎಂದು ಗುಡುಗಿದ ನಂಜಪ್ಪ. ಆರಡಿ ಆಳು.

ಅಳಿಸಬೇಕಾಗಿದ್ದು ಏನು ಗೊತ್ತೇ? ಒಂದು ಕಂಪ್ಯೂಟರ್ ಗೇಮ್!

ತೊಂಬತ್ತೆಂಟನೇ ಇಸವಿ. ಕೆ.ಆರ್. ಪೇಟೆಯಲ್ಲಿ ರಘುನಂದನ್ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದ. ಗೇಮ್ ಬರೆಯುವುದು ಅವನ ಹುಚ್ಚು. ಅದರಲ್ಲಿ ಸೋಲಿಲ್ಲ, ಗೆಲುವಿಲ್ಲ. ತಾಲ್ಲೂಕಿನ ಹಳ್ಳಿಗಳಲ್ಲಿ ಎಲ್ಲಿ ಬೇಕಾದರೂ ಅಲೆಯಬಹುದು, ಅಗೆಯಬಹುದು, ಮನೆ ಕಟ್ಟಬಹುದು. ಹೋದ ತಿಂಗಳು ಅದಕ್ಕೆ ದೆವ್ವ ಹುಡುಕುವ ಸಾಮಾನು ಸೇರಿಸಿದ್ದ. ಮುಳ್ಳು ಅಲ್ಲಾಡುವ ಮೀಟರು, ದೆವ್ವದ ಮಾತು ಹಿಡಿಯುವ ಟೇಪ್ ರೆಕಾರ್ಡರ್... ದೆವ್ವ ಹತ್ತಿರವಿದ್ದರೆ ಮೀಟರು ಬೀಪ್ ಬೀಪ್ ಅನ್ನುತ್ತದೆ.

ಗೇಮಿನೊಳಗೆ ನಂಜಪ್ಪನ ಹಾಳು ಬಾವಿಯ ಹತ್ತಿರ ಹೋದರೆ ಅದು ಬಡಿದುಕೊಳ್ಳುತ್ತಿತ್ತು. ಆಡಿದವರ ಬಾಯಿಂದ ಸುದ್ದಿ ಊರೆಲ್ಲ ಹಬ್ಬಿತ್ತು.

ನಾನು ಶ್ರೀರಂಗಪಟ್ಟಣದವನು. ಪೊಲೀಸ್ ಕೆಲಸ ಬಿಟ್ಟು, ಕಾಣೆಯಾದವರನ್ನು ಹುಡುಕಿಕೊಡುವವನು. ನನ್ನನ್ನು ಕರೆಸಿದ್ದು ನಂಜಪ್ಪನ ತಮ್ಮನ ಹೆಂಡತಿ ಮಾಯಮ್ಮ. ಅವಳ ಗಂಡ ಶಂಕರ್ ಕಾಣೆಯಾಗಿ ಎರಡು ವರ್ಷ. ಬಾಂಬೆಯಲ್ಲಿ ಲಾರಿ ಓಡಿಸುತ್ತಿದ್ದಾನೆ ಅನ್ನುವುದು ನಂಜಪ್ಪನ ಮಾತು. ಒಂದು ಕಾಗದವಿಲ್ಲ!

"ಇದ್ದಾರೋ ಇಲ್ವೋ, ಅಷ್ಟು ಯೋಳ್ಬುಡಿ ಸಾಮಿ" ಎಂದಿದ್ದಳು ಮಾಯಮ್ಮ.

ಬಾವಿಯ ಸುದ್ದಿ ಕೇಳಿ ರಘುನಂದನ್‌ನನ್ನು ವಿಚಾರಿಸಲು ಬಂದಿದ್ದೆ. ಹಿಂದೆಯೇ ನಂಜಪ್ಪ ನುಗ್ಗಿದ್ದ.

"ನನ್ ಬಾವಿ ವಿಷ್ಯ ಯಾರ್ಲಾ ಯೋಳಿದ್ದು ನಿಂಗೆ?"

"ಯಾರೂ ಇಲ್ಲ ಸಾರ್... ಸುಮ್ನೆ ಇಟ್ಟೆ!" ರಘುನಂದನ್ ಕೈ ಮುಗಿದ.

"ಸುಮ್ನೆ?"

ಮಚ್ಚಿನ ಹಿಡಿ ನನ್ನ ತಲೆಗೆ ಬಿತ್ತು. ಕಣ್ಣು ಬಿಟ್ಟಾಗ ರಘುನಂದನ್ ಇಲ್ಲ. ಹೊರಗೆ ಜೀಪಿನ ಸದ್ದು!

ಬೈಕ್ ಹತ್ತಿದೆ. ನಾಗಮಂಗಲ ರಸ್ತೆ. ಕಬ್ಬಿನ ಟ್ರಾಕ್ಟರು ಅಡ್ಡ... ಬೈಕನ್ನು ಗದ್ದೆಗೇ ಇಳಿಸಿದೆ. ಬಿದ್ದೆ. ಎದ್ದೆ. ಜೀಪು ನಂಜಪ್ಪನ ಮನೆ ಮುಂದೆ ಖಾಲಿ ನಿಂತಿತ್ತು.

ಅವತ್ತು ಮಹಾಲಯ ಅಮಾವಾಸ್ಯೆ. ಸತ್ತ ಹಿರಿಯರಿಗೆ ಎಡೆ ಇಟ್ಟು, ಅವರು ಬಂದು ಉಣ್ಣಲಿ ಎಂದು ಬಾಗಿಲು ಮುಚ್ಚುವ ದಿನ. ಮಾಯಮ್ಮ ನೀರು ತಂದು ಆಗಷ್ಟೇ ಜಗುಲಿ ಹತ್ತುತ್ತಿದ್ದಳು.

"ರಘುನಂದನ್ ಒಳಗಿದ್ದಾನಾ?"

"ಬಾಗ್ಲು ತೆಗೀಬ್ಯಾಡಿ ಸಾಮಿ! ಬಾವ ತಾವೇ ಎಡೆ ಇಕ್ಕಿ ವಾದ್ರು. ನಾನ್ ಬರಾಗಂಟ ಯಾರೂ ಒಳೀಕೆ ಓಗ್ಕೂಡ್ದು ಅಂದವ್ರೆ."

ಬಾಗಿಲು ಒದ್ದು ಒಳಗೆ ನುಗ್ಗಿದೆ. ರಘುನಂದನ್ ಇರಲಿಲ್ಲ.

ನಾಲ್ಕು ಬಾಳೆಲೆ ಇದ್ದವು. ತಾತ, ಅಪ್ಪ, ಅವ್ವ... ನಾಲ್ಕನೆಯದು? ಹೊಸ ನೀಲಿ ಷರ್ಟು. ಒಂದು ಕಟ್ಟು ಬೀಡಿ. ಹುರಿದ ಮೀನು.

"ನಮ್ಮನೇಲಿ ಮೀನು ತಿಂತಿದ್ದಿದ್ದು ಅವ್ರೊಬ್ರೇ..." ಬಾಗಿಲಲ್ಲಿ ನಿಂತ ಮಾಯಮ್ಮ ಷರ್ಟನ್ನೇ ನೋಡುತ್ತಿದ್ದಳು.

ನಾನು ಷರ್ಟು ಕೈಗೆತ್ತಿಕೊಂಡೆ. ಅಷ್ಟರಲ್ಲಿ ಹಿತ್ತಲಿನ ಕಡೆಯಿಂದ ಚೀರಾಟ! ಓಡಿದೆ.

ನಂಜಪ್ಪ ಕೈ ಕಟ್ಟಿದ ರಘುನಂದನ್‌ನನ್ನು ಬಾವಿಯ ಕಡೆಗೆ ಎಳೆಯುತ್ತಿದ್ದ. ಅಂಚಿಗೆ ಎರಡೇ ಹೆಜ್ಜೆ! ನಾನು ಷರ್ಟು ಎತ್ತಿ ಹಿಡಿದೆ.

"ಬಾಂಬೇಲಿ ಬದುಕಿರೋನ್ಗೆ ಯಾರ್ಲಾ ಎಡೆ ಇಕ್ತಾರೆ, ನಂಜಪ್ಪ?"

ಎತ್ತಿದ ಮಚ್ಚು ಅಲ್ಲೇ ನಿಂತಿತು. ನನ್ನ ಹಿಂದೆ ಮಾಯಮ್ಮ ಬಂದಿದ್ದಳು. ಅವನು ಅವಳನ್ನೇ ನೋಡಿದ.

"ಜಮೀನ್ನಲ್ಲಿ ಪಾಲು ಕೇಳ್ದ ಕಣವ್ವ... ಸಿಟ್ಟು ಬಂದ್ಬುಡ್ತು. ಈಗ ಆ ಬೀಪು ಕಿವೀಲೇ ಕುಂತದೆ. ಒಂದ್ ಎಡೆ ಇಕ್ಬುಟ್ರೆ ಸುಮ್ಕಾಯ್ತಾನೆ ಅನ್ಕಂಡೆ..."

ಮಚ್ಚು ಕೆಳಗೆ ಬಿತ್ತು. ನಾನು ಕಾಲಲ್ಲಿ ಒತ್ತಿ ಹಿಡಿದೆ.

ಮಾಯಮ್ಮ ಅಳಲಿಲ್ಲ. "ಗೊತ್ತಾಯ್ತಲ್ಲ ಬುಡಿ" ಎಂದು ಮಣ್ಣಿನ ಮೇಲೇ ಕೂತುಬಿಟ್ಟಳು. ಅತ್ತಿದ್ದರೇ ಚೆನ್ನಾಗಿತ್ತು.

ಸಂಜೆಗೆ ಪೊಲೀಸರು ಬಾವಿಯಿಂದ ಮೂಳೆ ಎತ್ತಿದರು.

ಮಾರನೇ ದಿನ ಕ್ಲಾಸಿಗೆ ಹೋಗಿ ರಘುನಂದನ್‌ನನ್ನು ಕೇಳಿದೆ, "ಆ ಬಾವಿನೇ ಯಾಕಯ್ಯಾ ಆರಿಸಿದೆ?"

"ಆರಿಸಲಿಲ್ಲ ಸಾರ್. ನನಗೆ ಗೊತ್ತಿದ್ದ ಹಾಳು ಬಾವಿಗೆಲ್ಲ ಒಂದೊಂದು ದೆವ್ವ ಹಾಕಿದ್ದೆ. ಹದಿನೇಳು!"

ನಗು ಬಂತು. ಅಷ್ಟರಲ್ಲಿ ಬಾಗಿಲಲ್ಲಿ ಇಬ್ಬರು ಯಜಮಾನರು ಬಂದು ನಿಂತರು. ಬೇರೆ ಬೇರೆ ಊರಿನವರು. ಮುಖ ಬೆವೆತಿತ್ತು.

"ನಮ್ ಬಾವೀಲಿ ಏನೂ ಇಲ್ಲ ಸಾಮಿ!"

ಅವರನ್ನು ಯಾರೂ ಏನೂ ಕೇಳಿರಲಿಲ್ಲ.